ಸಿಸ್ಟರ್ ಮಹಾನಂದ ನಿಲ್ಲಿಸದ ಡ್ರಿಪ್

೧೯೯೭ರಲ್ಲಿ ಮಹಾನಂದ ಚಾಮರಾಜಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನ ಐಸಿಯುನಲ್ಲಿ ನರ್ಸ್ ಆಗಿದ್ದಳು. ಹನ್ನೊಂದು ವರ್ಷದ ಅನುಭವ. ಡಾಕ್ಟರ ಮಾತಿಗೆ ಎದುರಾಡಿದವಳಲ್ಲ.

ಆ ಆಗಸ್ಟಿನಲ್ಲಿ ಲಕ್ಷ್ಮಯ್ಯ ದಾಖಲಾದರು. ನಿವೃತ್ತ ಪೋಸ್ಟ್‌ಮ್ಯಾನ್, ಹಳೇ ಉಬ್ಬಸ, ಈಗ ಎದೆಯಲ್ಲಿ ಸೋಂಕು. ಉಸಿರು ಸರಾಗವಾಗಲೆಂದು ಅಮಿನೋಫಿಲಿನ್ ಡ್ರಿಪ್ ಹಾಕಿದ್ದರು. ಮಾರನೇ ದಿನ ಡ್ಯೂಟಿ ಡಾಕ್ಟರ್ ರಾಘವ ಸೋಂಕಿಗೆಂದು ಸಿಪ್ರೊಫ್ಲಾಕ್ಸಸಿನ್ ಸೇರಿಸಿದರು. ಎರಡನ್ನೂ ಕೊಟ್ಟವಳು ಮಹಾನಂದಳೇ.

ನಾಲ್ಕನೇ ದಿನ ಬೆಳಿಗ್ಗೆ ಲಕ್ಷ್ಮಯ್ಯನವರ ಕೈ ನಡುಗತೊಡಗಿತು. ಎರಡು ಸಲ ವಾಂತಿ. ನಾಡಿ ನೂರೈವತ್ತು ದಾಟಿತ್ತು.

"ಸಾರ್, ಹೊಸ ಔಷಧಿ ಶುರುವಾದ ಮೇಲೇ ಹೀಗೆ. ಡ್ರಿಪ್ ಸ್ವಲ್ಪ ನಿಲ್ಲಿಸೋಣ್ವಾ?"

"ಜ್ವರಕ್ಕೆ ಹಾಗಾಗುತ್ತೆ ಸಿಸ್ಟರ್. ಮುಂದುವರಿಸಿ," ಎಂದರು ರಾಘವ.

ಅವಳು ಮುಂದುವರಿಸಿದಳು. ಮಧ್ಯಾಹ್ನ ಲಕ್ಷ್ಮಯ್ಯನವರಿಗೆ ಫಿಟ್ಸ್ ಬಂತು. ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಓಡಿ ಬಂದ ಹಿರಿಯ ಡಾಕ್ಟರ್ ರಾಮಾನುಜ ಚಾರ್ಟ್ ನೋಡಿದವರೇ ಎರಡನ್ನೂ ನಿಲ್ಲಿಸಿದರು. ಎರಡನೆಯ ಔಷಧಿ ಮೊದಲನೆಯದನ್ನು ಮೈಯಿಂದ ಇಳಿಯಲು ಬಿಟ್ಟಿರಲಿಲ್ಲ. ಅದು ರಕ್ತದಲ್ಲೇ ಏರುತ್ತ ಹೋಗಿ ವಿಷವಾಗಿತ್ತು.

ಜೀವ ಉಳಿಯಿತು. ಆದರೆ ಎಚ್ಚರವಾದಾಗ ಲಕ್ಷ್ಮಯ್ಯ ಹೆಂಡತಿಯನ್ನು ತೀರಿಹೋದ ಅಕ್ಕನ ಹೆಸರಿಂದ ಕರೆದರು. ಮನೆಯವರಿಗೆ ಡಾಕ್ಟರು ಹೇಳಿದ್ದು ಜ್ವರ ತಲೆಗೇರಿತು ಎಂದು ಮಾತ್ರ.

ಎರಡು ದಿನ ಮಹಾನಂದಳಿಗೆ ಊಟ ಸೇರಲಿಲ್ಲ. ಮೂರನೇ ದಿನ ಲಕ್ಷ್ಮಯ್ಯನವರ ಹೆಂಡತಿ ಮುನಿಲಕ್ಷ್ಮಮ್ಮ ಹೊರಗಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಹಾನಂದ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು.

"ಅದು ಜ್ವರದಿಂದಲ್ಲಮ್ಮ. ಎರಡು ಔಷಧಿ ಒಂದಕ್ಕೊಂದು ಆಗಿ ಬರ್ಲಿಲ್ಲ. ನನಗೆ ಬೆಳಿಗ್ಗೇನೇ ಅನುಮಾನ ಬಂದಿತ್ತು. ಒಂದು ಸಲ ಕೇಳಿ ಸುಮ್ಮನಾದೆ. ದೊಡ್ಡ ಡಾಕ್ಟರಿಗೆ ಫೋನ್ ಮಾಡ್ಬೇಕಿತ್ತು."

ಮುನಿಲಕ್ಷ್ಮಮ್ಮ ಅವಳ ಕಡೆ ತಿರುಗಿದರು. "ನಂಗ್ಯಾಕೆ ಹೇಳಿದ್ಯಮ್ಮ? ಜ್ವರಾನ ಬೈಕೊಂಡು ಇದ್ಬಿಡ್ತಿದ್ದೆ. ಈಗ ಯಾರನ್ನ ಬೈಲಿ, ನಿನ್ನನ್ನಾ?"

"ಬೈರಿ ಅಮ್ಮ."

ಅವರು ಬೈಯಲಿಲ್ಲ, ಎದ್ದು ಒಳಗೆ ಹೋದರು. ಮಾರನೇ ದಿನ ಮಗ ಬಂದು ಡಾಕ್ಟರರನ್ನು ವಿಚಾರಿಸಿದ. ಮನೆಯವರಿಗೆ ಹೇಳಿದ್ದು ಯಾರೆಂದು ಆಡಳಿತದವರು ಕೇಳಿದಾಗ ಮಹಾನಂದ "ನಾನೇ" ಎಂದಳು. ಅವಳನ್ನು ಐಸಿಯುನಿಂದ ತೆಗೆದು ಇಂಜೆಕ್ಷನ್ ರೂಮಿಗೆ ಹಾಕಿದರು. ಆರು ತಿಂಗಳಲ್ಲಿ ಅವಳೇ ಕೆಲಸ ಬಿಟ್ಟಳು.

ಆಮೇಲೆ ಮಲ್ಲೇಶ್ವರದ ಇನ್ನೊಂದು ಆಸ್ಪತ್ರೆಯ ಐಸಿಯುನಲ್ಲಿ ಹತ್ತು ವರ್ಷ ದುಡಿದಳು. ಅನುಮಾನ ಬಂದರೆ ಉತ್ತರ ಸಿಗುವ ತನಕ ಕೇಳುತ್ತಿದ್ದಳು. ಕಿರಿಯ ಡಾಕ್ಟರುಗಳಿಗೆ ಅದು ಕಿರಿಕಿರಿ. ಲಕ್ಷ್ಮಯ್ಯನವರ ಮನೆಗೆ ಹೋಗಬೇಕೆಂದು ಹಲವು ಸಲ ಹೊರಟಳು. ಬಾಗಿಲ ತನಕ ಹೋಗಲು ಧೈರ್ಯವಾಗಲಿಲ್ಲ.