ಎಂಟನೆಯ ಎಣಿಕೆ

ನನ್ನ ಹೆಂಡತಿಗೆ ತಾಳಜ್ಞಾನವಿಲ್ಲ. ಮದುವೆಯಾದ ವರ್ಷದಿಂದ ಇದನ್ನು ಅವಳ ಎದುರಿಗೇ ಹೇಳುತ್ತ ಬಂದಿದ್ದೇನೆ, ಅವಳೂ ಒಪ್ಪಿಕೊಂಡಿದ್ದಾಳೆ. ಆದಿತಾಳಕ್ಕೆ ಎಂಟು ಎಣಿಕೆ. ಅವಳು ಏಳಕ್ಕೇ ಮುಗಿಸಿ ಮತ್ತೆ ಒಂದರಿಂದ ಹಿಡಿಯುತ್ತಾಳೆ. ಎಂಟನೆಯದು ಎಲ್ಲಿ ಹೋಯಿತೆಂದು ಕೇಳಿದರೆ "ತಿಂದ್ಬಿಟ್ಟೆ" ಎನ್ನುತ್ತಾಳೆ. ಸಂಗೀತ ಸಭಾಗೆ ನನ್ನ ಜೊತೆ ಬರುವುದು ಅಲ್ಲಿನ ಕ್ಯಾಂಟೀನಿನ ಸೊಪ್ಪು ಹಾಕಿದ ಕೀರೆ ವಡೆಗಾಗಿ ಎಂದು ಆಟೋದವರಿಗೂ ಹೇಳಿಬಿಡುತ್ತಾಳೆ.

ನನಗೋ ತಾಳವೇ ಮಾನ. ಹಾಡಲು ಬಾರದು, ಯಾವ ವಾದ್ಯವನ್ನೂ ಮುಟ್ಟಿದವನಲ್ಲ. ಆಫೀಸಿನಲ್ಲಿ ದೊಡ್ಡ ಹುದ್ದೆಗೇನೂ ಏರಲಿಲ್ಲ. ಆದರೆ ನುಂಗಂಬಾಕ್ಕಂನ ಒಂದು ಸಣ್ಣ ಸಭಾದಲ್ಲಿ ಮೊದಲ ಸಾಲಿನ ಎಡತುದಿಯ ಕುರ್ಚಿ ನನ್ನದು. ಅದು ಮೃದಂಗದವರು ಕೂರುವ ಕಡೆ. ತನಿ ಆವರ್ತನ ಬಂದಾಗ, ಅಂದರೆ ಹಾಡುಗಾರರು ಸುಮ್ಮನಾಗಿ ಮೃದಂಗವೊಂದೇ ನುಡಿಯುವಾಗ, ಈ ಊರಿನ ಅರ್ಧ ಜನ ಕಾಫಿಗೆ ಎದ್ದು ಹೋಗುತ್ತಾರೆ. ನಾನು ಆಗಲೇ ನೆಟ್ಟಗೆ ಕೂರುತ್ತಿದ್ದೆ. ನನ್ನ ತೊಡೆಯ ಮೇಲೆ ತಾಳ, ಅವರ ಮಡಿಲಲ್ಲಿ ಮೃದಂಗ. ಕಷ್ಟದ ಲೆಕ್ಕವೊಂದನ್ನು ಸುತ್ತಿ ಬಳಸಿ ತಂದು ಸಮಕ್ಕೆ, ಎಂದರೆ ತಾಳದ ಮೊದಲ ಪೆಟ್ಟಿಗೆ, ಇಳಿಸುವಾಗ ಅವರ ಕಣ್ಣು ನನ್ನ ಕೈ ಮೇಲಿರುತ್ತಿತ್ತು. ಇಬ್ಬರ ಪೆಟ್ಟೂ ಒಟ್ಟಿಗೆ ಬೀಳುತ್ತಿತ್ತು. ಅವರು ತಲೆಯಾಡಿಸುತ್ತಿದ್ದರು. ಜೀವನದಲ್ಲಿ ಯಾರೂ ನನ್ನನ್ನು ಅಷ್ಟು ಗೌರವದಿಂದ ನೋಡಿದ್ದಿಲ್ಲ.

ಆ ಬಲಗೈಗೇ ನಡುಕ ಬಂತು. ಮೊದಲು ಹೆಬ್ಬೆರಳು, ಪೇಪರ್ ಓದುವಾಗ. ಆಮೇಲೆ ಇಡೀ ಕೈ. ಕೀಲ್ಪಾಕ್‌ನ ಡಾಕ್ಟರಮ್ಮ ನನ್ನನ್ನು ವರಾಂಡದಲ್ಲಿ ಆ ಕಡೆ ಈ ಕಡೆ ನಡೆಸಿ ನೋಡಿ, ಉದ್ದನೆಯ ಇಂಗ್ಲಿಷ್ ಹೆಸರೊಂದನ್ನು ಹೇಳಿದರು. ವಾಸಿಯಾಗುವುದಿಲ್ಲವಂತೆ, ಮಾತ್ರೆಯಿಂದ ಹತೋಟಿಯಲ್ಲಿಡಬಹುದಂತೆ. ಮಾತ್ರೆಯ ಬಲವಿರುವಷ್ಟು ಹೊತ್ತು ನಾನು ಮನುಷ್ಯ. ಅದು ಇಳಿದರೆ ಕೈ ತನ್ನಷ್ಟಕ್ಕೆ ಕುಣಿಯುತ್ತದೆ, ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಅದರಲ್ಲೂ ಬಾಗಿಲು ಕಂಡರೆ ಮುಗಿಯಿತು. ಹೊಸ್ತಿಲ ಮುಂದೆ ಬಂದು ನಿಂತವನು ನಿಂತೇ ಇರುತ್ತೇನೆ. ಮೈ ದಾಟಲು ಸಿದ್ಧ, ಮನಸ್ಸು ಆಗಲೇ ದಾಟಿರುತ್ತದೆ, ಪಾದ ಮಾತ್ರ ಮಾತು ಕೇಳುವುದಿಲ್ಲ.

ಇದಕ್ಕೆ ಫಿಸಿಯೋಥೆರಪಿಯವರು ಒಂದು ಉಪಾಯ ಹೇಳಿಕೊಟ್ಟರು. ಪಕ್ಕದಲ್ಲಿ ಯಾರಾದರೂ ಸಮನಾಗಿ ಚಪ್ಪಾಳೆ ತಟ್ಟಿದರೆ ಕಾಲು ಆ ಪೆಟ್ಟನ್ನು ಹಿಡಿದುಕೊಂಡು ಕದಲುತ್ತದೆ. ನನಗೆ ಖುಷಿಯಾಯಿತು, ತಾಳದ ವಿಷಯವಲ್ಲವೇ! ಆದರೆ ತಟ್ಟಬೇಕಾದವಳು ನನ್ನ ಹೆಂಡತಿ. ಕೋಡಂಬಾಕ್ಕಂನ ನಮ್ಮ ಫ್ಲಾಟಿನ ಬಚ್ಚಲಮನೆ ಬಾಗಿಲಲ್ಲಿ ಅವಳು ತಟ್ಟುತ್ತಿದ್ದಳು, ನಾನು ಕಾಲೆತ್ತುತ್ತಿದ್ದೆ. ಏಳಾಗುತ್ತಿದ್ದಂತೆ ಒಂದು.

"ಎಂಟೆಲ್ಲಿ ಕಣೇ?"

"ಇರೋದೇ ನಾಲ್ಕು ಹೆಜ್ಜೆ ದೂರ, ಎಂಟು ಯಾಕ್ರೀ? ಪೇಸಾಮ, ಸುಮ್ನೆ ನಡೀರಿ. ಕುಣೀಲಾರದೋರಿಗೆ ನೆಲ ಡೊಂಕು."

ನಾನು ಸಿಟ್ಟಿನಲ್ಲಿ ಮತ್ತೆ ಅಂಟಿಕೊಳ್ಳುತ್ತಿದ್ದೆ. ಕೊನೆಗೆ ನಾನೇ ಬಾಯಲ್ಲಿ ಎಣಿಸಿಕೊಂಡು ದಾಟುವುದನ್ನು ಅಭ್ಯಾಸ ಮಾಡಿಕೊಂಡೆ. ಕೆಲವು ಸಲ ಆಗುತ್ತಿತ್ತು, ಕೆಲವು ಸಲ ಇಲ್ಲ.

ಸಭಾದಲ್ಲಿ ಈ ಕಾಯಿಲೆಯ ಸುದ್ದಿ ಯಾರಿಗೂ ಗೊತ್ತಾಗಬಾರದೆಂದು ನಾನು ಹಟ ಹಿಡಿದಿದ್ದೆ. ಗೊತ್ತಾದರೆ ಆ ಕುರ್ಚಿ ಹೋಗುತ್ತದೆ ಎಂಬ ಭಯ. ಕುರ್ಚಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಿಜ. ಆದರೆ ನೋಟ ಬದಲಾಗುತ್ತದೆ. ಆದ್ದರಿಂದ ಮಾತ್ರೆಯ ಹೊತ್ತನ್ನು ಮುಂದಕ್ಕೆ ಹಿಂದಕ್ಕೆ ಎಳೆದು, ತನಿಯ ಹೊತ್ತಿಗೆ ಕೈ ಹಿಡಿತದಲ್ಲಿರುವಂತೆ ನೋಡಿಕೊಳ್ಳುತ್ತಿದ್ದೆ. ಹೀಗೆ ಆಟವಾಡಬೇಡಿ ಎಂದು ಡಾಕ್ಟರಮ್ಮ ಗದರಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು.

ಕಳೆದ ಡಿಸೆಂಬರಿನ ಸಂಗೀತ ಸೀಸನ್ನಿನಲ್ಲಿ ಲೆಕ್ಕ ತಪ್ಪಿತು. ಹಾಡುತ್ತಿದ್ದಾಕೆಗೆ ಅಂದು ಒಳ್ಳೆಯ ಕಂಠ. ರಾಗವನ್ನು ಬೆಳೆಸುತ್ತ ಹೋದರು, ನಾನೂ ಮೈಮರೆತೆ. ತನಿ ಶುರುವಾಗುವ ಹೊತ್ತಿಗೆ ಮಾತ್ರೆಯ ಬಲ ಇಳಿದಿತ್ತು. ಮೃದಂಗದವರು ಎಂದಿನಂತೆ ಕತ್ತು ತಿರುಗಿಸಿ ನನ್ನ ಕೈ ನೋಡಿದರು. ಕೈ ತೊಡೆಯ ಮೇಲೆ ಟಪಟಪ ಬಡಿಯುತ್ತಿತ್ತು. ಬೇರೆ ಯಾವ ಊರಿನಲ್ಲಾದರೂ ಮುದುಕನಿಗೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು. ಇವರು ಹಾಗೆ ತಿಳಿಯಲಿಲ್ಲ. ಒಂದು ಪೆಟ್ಟಿಗೆ ಮೂರರಂತೆ ನಡೆ ಬದಲಿಸಿ ತೋರಿಸುತ್ತಿದ್ದೇನೆ, ಇದನ್ನು ಬಾರಿಸು ನೋಡೋಣ ಎಂದು ಸವಾಲು ಹಾಕುತ್ತಿದ್ದೇನೆ ಎಂದುಕೊಂಡರು. ನಮ್ಮ ಸಭಾಗಳಲ್ಲಿ ಅಂಥ ಹಿರಿಯರಿದ್ದಾರೆ. ಅವರಿಗೂ ಹುಮ್ಮಸ್ಸು ಬಂತು. ನಕ್ಕು, ತಾವು ಹಿಡಿದಿದ್ದ ಲೆಕ್ಕವನ್ನು ನಡುವೆಯೇ ಬಿಟ್ಟು ನನ್ನ ನಡುಕದ ಬೆನ್ನು ಹತ್ತಿದರು. ನಡುಕಕ್ಕೆ ಲೆಕ್ಕವೆಲ್ಲಿ? ಸಮಕ್ಕೆ ಬರಬೇಕಾದವರು ಒಂದು ಎಣಿಕೆ ಆಚೆ ಬಿದ್ದರು. ಹಾಡುಗಾರ್ತಿ ಸದ್ದಾಗುವಂತೆ ತೊಡೆ ತಟ್ಟಿ ಸರಿಯಾದ ಜಾಗ ತೋರಿಸಬೇಕಾಯಿತು. ತುಂಬಿದ ಸಭೆಯಲ್ಲಿ ಕಲಾವಿದನಿಗೆ ಅದಕ್ಕಿಂತ ಅವಮಾನವಿಲ್ಲ.

ಕಛೇರಿ ಮುಗಿದ ಮೇಲೆ ಅವರು ನೇರವಾಗಿ ನನ್ನ ಬಳಿ ಬಂದರು. "ಎನ್ನ ಸಾರ್ ಇದು?" ಇದೇನು ಎಂದು ಶುರು ಮಾಡಿ, ನಿಮ್ಮನ್ನು ನಂಬಿದ್ದಕ್ಕೆ ಹೀಗಾ ಮಾಡುವುದು ಎಂದು ತಮಿಳಿನಲ್ಲೇ ಕೇಳಿದರು. ನಾನು ಕೈಯನ್ನು ಜೇಬಿಗೆ ತುರುಕಿಕೊಂಡೆ. ಹೌದು, ನಿಮ್ಮನ್ನು ಪರೀಕ್ಷೆ ಮಾಡಿದೆ ಎಂದು ಹೇಳಲು ಬಾಯಿ ತೆರೆದಿದ್ದೆ. ರೋಗಿಷ್ಠ ಅನ್ನಿಸಿಕೊಳ್ಳುವುದಕ್ಕಿಂತ ದುರಹಂಕಾರಿ ಅನ್ನಿಸಿಕೊಳ್ಳುವುದೇ ಮೇಲು ಎನಿಸಿತ್ತು. ಅಷ್ಟರಲ್ಲಿ ಹೆಂಡತಿ ಮುಂದೆ ಬಂದು ತನ್ನ ಕನ್ನಡ ಬೆರೆತ ಮನೆತಮಿಳಿನಲ್ಲಿ, ಇವರಿಗೆ ಕೈ ನಡುಗುವ ಕಾಯಿಲೆಯಪ್ಪ, ಬೇಕೆಂದು ಮಾಡಿದ್ದಲ್ಲ ಎಂದುಬಿಟ್ಟಳು. ಅವರ ಮುಖದಿಂದ ಸಿಟ್ಟು ಇಳಿಯಿತು. ಬಗ್ಗಿ ನನ್ನ ಕಾಲು ಮುಟ್ಟಿದರು. ನನಗೆ ಆ ಸಿಟ್ಟೇ ಬೇಕಾಗಿತ್ತು.

ಮನೆಗೆ ಬಂದು ಅವಳ ಜೊತೆ ಜಗಳವಾಡಿದೆ. "ಊರಿಗೆಲ್ಲ ಸಾರಬೇಕಿತ್ತಾ?"

"ಪಾಪ, ಆ ಮನುಷ್ಯ ಅಳೋ ಹಾಗಿದ್ದ. ಅವನ ಮಾನ ಹೋದ್ರೂ ಪರವಾಗಿಲ್ಲೆ, ನಿಮ್ಮದು ಉಳೀಬೇಕಾ?"

ನಾನು ಎದ್ದು ಹೋಗಿ ದೀಪ ಆರಿಸಿದೆ. ಗೋಡೆಯ ಕಡೆ ತಿರುಗಿ ಮಲಗಿದೆ.

ಫೆಬ್ರವರಿಯಲ್ಲಿ ಅದೇ ಸಭಾದಲ್ಲಿ ಅವರದೇ ಮೃದಂಗವೆಂದು ತಿಳಿದು ಹೊರಟೆ, ಎಂದಿನಂತೆ ಹೆಂಡತಿಯೂ ಜೊತೆಗೆ ಬಂದಳು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದ್ದೆ. ಕೈ ಸುಮ್ಮನಿತ್ತು, ತಾಳ ಚೊಕ್ಕವಾಗಿ ಬೀಳುತ್ತಿತ್ತು. ನನ್ನ ಕುರ್ಚಿಗೆ ಯಾರೋ ದಿಂಬು ಇಟ್ಟಿದ್ದರು. ಅದನ್ನು ಕಂಡಾಗಲೇ ನನಗೆ ತಿಳಿಯಬೇಕಾಗಿತ್ತು. ತನಿ ಶುರುವಾಯಿತು. ಅವರು ಕತ್ತು ತಿರುಗಿಸಿದರು. ಕಣ್ಣು ಮೊದಲ ಸಾಲಿಗೆ ಬಂತು, ನನ್ನನ್ನು ದಾಟಿ ಪಕ್ಕದವರ ಕೈಯ ಮೇಲೆ ನಿಂತಿತು. ಮತ್ತೊಂದು ಲೆಕ್ಕ, ಮತ್ತೊಂದು ಸಮ. ಮತ್ತೆ ಪಕ್ಕದವರೇ. ಮೃದಂಗದವರು ಕೆಟ್ಟವರಲ್ಲ, ನನಗೆ ಮುಜುಗರವಾಗಬಾರದೆಂದೇ ಹಾಗೆ ಮಾಡಿದ್ದು. ನನ್ನ ಕೈ ಒಂದು ಎಣಿಕೆಯೂ ತಪ್ಪದೆ ತಟ್ಟುತ್ತಲೇ ಇತ್ತು, ನೋಡುವವರಿಲ್ಲ. ಇನ್ನು ಕೂರಲಾರೆ ಎನಿಸಿ ಎದ್ದುಬಿಟ್ಟೆ.

ತನಿಯ ನಡುವೆ ನಾನು ಎದ್ದದ್ದು ಅದೇ ಮೊದಲು. ಸಾಲು ದಾಟಿ ಪಕ್ಕದ ಬಾಗಿಲವರೆಗೆ ಬಂದೆ. ಅಲ್ಲಿ ಹೊಸ್ತಿಲು. ಆ ಗಲಿಬಿಲಿಯಲ್ಲಿ ಮಾತ್ರೆಯ ಬಲವೂ ಸಾಲದೆ ಕಾಲು ಅಂಟಿಕೊಂಡಿತು. ವೇದಿಕೆಗೂ ಸಭೆಗೂ ಎದ್ದು ಕಾಣುವ ಜಾಗ ಅದು. ಮೃದಂಗದ ಪೆಟ್ಟನ್ನೇ ಹಿಡಿದುಕೊಂಡು ದಾಟೋಣವೆಂದು ನೋಡಿದೆ, ಅದು ನನ್ನ ಕಾಲಿಗೆ ಸಿಗದಷ್ಟು ಚುರುಕಾಗಿತ್ತು. ಬಾಯಲ್ಲಿ ಎಣಿಸಿಕೊಳ್ಳಲು ಹೋದರೆ ನಾಲಿಗೆಯೂ ಮೃದಂಗದ ಹಿಂದೆಯೇ ಓಡಿತು. ಯಾರೋ ನೀರಿನ ಬಾಟಲಿ ಹಿಡಿದು ಎದ್ದದ್ದು ಕಾಣಿಸಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಬೆನ್ನಿನ ಮೇಲೆ ಅಂಗೈ ಬಿತ್ತು. ನಿಧಾನವಾಗಿ ತಟ್ಟತೊಡಗಿತು. ಒಂದು, ಎರಡು, ಮೂರು. ಅತ್ತ ಮೃದಂಗ ತನ್ನ ದಾರಿ, ಇತ್ತ ಅವಳ ಕೈ ತನ್ನ ದಾರಿ. ಎರಡಕ್ಕೂ ಎಣ್ಣೆ ಸೀಗೆಕಾಯಿ. ಒಂದನ್ನು ಬಿಡದೆ ಇನ್ನೊಂದು ಸಿಗುವಂತಿರಲಿಲ್ಲ. ಕಿವಿಯಿಂದ ಮೃದಂಗವನ್ನು ಬಿಟ್ಟೆ. ಆರು, ಏಳು, ಒಂದು. ಬಲಗಾಲು ಎದ್ದಿತು. ಹೊಸ್ತಿಲ ಆಚೆ ಹೋಗಿ ಊರಿತು. ಆ ತಪ್ಪು ತಾಳದಲ್ಲೇ ವರಾಂಡದ ಬೆಂಚಿನವರೆಗೂ ನಡೆದೆ.

ಕುಳಿತ ಮೇಲೆ ಅಭ್ಯಾಸಬಲದಿಂದ ಹೇಳಿದೆ: "ಮತ್ತೆ ಎಂಟು ತಿಂದ್ಬಿಟ್ಟೆ ನೀನು."

"ತಿಂದೆ. ಬಾಗಿಲು ದಾಟಿದ್ರಲ್ಲ?" ಎಂದಳು. ಅವಳ ಅಂಗೈ ಇನ್ನೂ ನನ್ನ ಬೆನ್ನ ಮೇಲಿತ್ತು.

ಒಳಗೆ ಜೋರಾಗಿ ಚಪ್ಪಾಳೆ ಬಿತ್ತು. ತನಿ ಮುಗಿದಿತ್ತು. ಸಮ ಎಲ್ಲಿ ಬಿತ್ತೋ ನನಗೆ ಗೊತ್ತಾಗಲಿಲ್ಲ.