ಅತ್ತೆಯನ್ನು ತಿರುಗಿಸಿದರೆ

ಬೇಯುತ್ತಿರುವ ಅರಿಶಿನಕ್ಕೆ ಒಂದು ವಾಸನೆಯಿದೆ: ಹಸಿ ಮಣ್ಣು, ಹೊಗೆ, ಎಲ್ಲೋ ಒಂದೆಳೆ ಕರ್ಪೂರ. ಈಗಲೂ ಗುಂಡ್ಲುಪೇಟೆಯ ಹೊರಗೆ ಅದು ಮೂಗಿಗೆ ಬಡಿದರೆ ಬೇಗೂರಿನ ನಮ್ಮ ಹಿತ್ತಿಲು ಎದ್ದು ನಿಲ್ಲುತ್ತದೆ. ಮನೆ ಇಲ್ಲ, ಅಲ್ಲೀಗ ಟೈರ್ ಅಂಗಡಿಯಿದೆ. ಆದರೂ ಕೊಪ್ಪರಿಗೆ ಕುದಿಯುತ್ತದೆ, ಒಲೆಯ ಪಕ್ಕ ಅಕ್ಕ ಪಿಯುಸಿಯ ಲೆಕ್ಕದ ಪುಸ್ತಕ ಹಿಡಿದು ಕೂತಿರುತ್ತಾಳೆ. ಇಷ್ಟು ಅಚ್ಚುಕಟ್ಟಾದ ಚಿತ್ರವನ್ನು ನಾನು ನಂಬುವುದಿಲ್ಲ. ಅರಿಶಿನ ಬೇಯಿಸಿದ ದಿನವೇ ಬೇರೆ, ಅವಳು ಪಾಠ ಹೇಳಿದ ದಿನವೇ ಬೇರೆ ಇರಬಹುದು. ಅವಳ ಮಾತಿನ ಮೇಲೆ ಮಾತ್ರ ಅನುಮಾನಪಡಲು ನನಗೆ ಧೈರ್ಯವಿಲ್ಲ.

"ಜೋಡೀಲಿ ಮುಂದಿರೋದ ಹಿಂದಕ್ಕಾಕು, ಹಿಂದಿರೋದ ಮುಂದಕ್ಕಾಕು. ವಿಲೋಮ ಸಂಬಂಧ ಅಂದ್ರೆ ಅಷ್ಟೇ ಕಣಮ್ಮಿ. ನಾನು ನಿಂಗೆ ಏನಾಗ್ಬೇಕು?"

"ಅಕ್ಕ."

"ತಿರುಗ್ಸು."

"ನಾನು ನಿಂಗೆ ತಂಗಿ."

"ಇನ್ನೊಂದ್ಸಲ ತಿರುಗ್ಸು."

"ಅಯ್ಯೋ, ಮತ್ತೆ ನೀನು ಅಕ್ಕನೇ ಆಗಿ ಬಂದ್ಬುಟ್ಟೆ!"

"ಇನ್ನೆಲ್ಲಿಗೋಗ್ಲಿ, ಬುಡು."

ಆ ಬೇಸಿಗೆಯಲ್ಲೋ ಮುಂದಿನದರಲ್ಲೋ ಅವಳನ್ನು ಕುದೇರಿಗೆ, ಅವ್ವನ ತಮ್ಮನಿಗೇ ಕೊಟ್ಟರು. ನಮ್ಮಲ್ಲಿ ಅದು ಹೊಸದೇನಲ್ಲ. ಹೊಸದಾಗಿದ್ದದ್ದು ನನ್ನ ನಾಲಿಗೆಗೆ. "ಇನ್ ಮ್ಯಾಲೆ ಅಕ್ಕ ಅನ್ಬ್ಯಾಡ. ಮಾವನ ಎಂಡ್ತಿ ಅತ್ತೆ ಆಯ್ತಾಳೆ. ಬೀಗರ ಮುಂದೆ ಮಾನ ಕಳೀಬ್ಯಾಡ" ಅಂದಳು ಅವ್ವ. ಬೀಗರೆಂದರೆ ಅವಳ ಸ್ವಂತ ತವರಿನವರೇ! ಅಕ್ಕ ಮೊದಲ ಸಲ ಮನೆಗೆ ಬಂದಾಗ ಎಲ್ಲರೆದುರು "ಅತ್ತೆ" ಅಂದೆ. ಅವಳ ಮುಖ ಸಪ್ಪಗಾಯಿತು ಎಂದು ಬರೆಯುವುದು ಸುಲಭ, ನನಗೆ ನೆನಪಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ಆದಾಗ ಕಿವಿ ಹಿಂಡಿ, "ತಿರುಗ್ಸಮ್ಮಿ" ಅಂದಳು. ಲೆಕ್ಕದ ಪ್ರಕಾರ ಸೊಸೆ ಬರಬೇಕಿತ್ತು. ನಾನು "ಅಕ್ಕ" ಅಂದೆ. "ತಪ್ಪು ಕಣಮ್ಮಿ, ಸೊನ್ನೆ ಮಾರ್ಕು" ಎಂದು ನಕ್ಕಳು, ಕಿವಿ ಬಿಡಲಿಲ್ಲ. ಆಮೇಲೆ ಅದೇ ನಮ್ಮ ಕಟ್ಟಳೆಯಾಯಿತು: ಜನರೆದುರು ಅತ್ತೆ. ಜನ ಸರಿದ ಮೇಲೆ ಅವಳು ತಿರುಗಿಸು ಅನ್ನಬೇಕು, ನಾನು ತಪ್ಪು ಉತ್ತರ ಕೊಡಬೇಕು. ಇಬ್ಬರ ತಲೆ ನರೆತರೂ ಇದು ನಿಲ್ಲಲಿಲ್ಲ.

ಹೋದ ವರ್ಷ ಕುದೇರಿನ ಅಂಗಳದಲ್ಲಿ ತಲೆದೆಸೆಗೆ ದೀಪವಿಟ್ಟು ಅವಳನ್ನು ಮಲಗಿಸಿದ್ದರು. ಪಕ್ಕ ಕೂತಿದ್ದ, ಗುರುತಿಲ್ಲದ ಹೆಂಗಸೊಬ್ಬಳು ಮೆಲ್ಲಗೆ, "ನಿಮ್ಗೆ ಏನಾಗ್ಬೇಕವ್ವಾ?" ಎಂದಳು. ಸುತ್ತ ಜನ ತುಂಬಿದ್ದರು.

"ಅತ್ತೆ" ಅಂದೆ.

ಸಂಜೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಊರೂರಿಗೂ ಜನ ಇಳಿಯುತ್ತಾ ಹೋದರು. ಕೊನೆಗೆ ನನ್ನ ಹಿಂದೆಮುಂದೆ ಸೀಟುಗಳೆಲ್ಲ ಬರಿದಾದವು. ಅವಳು ತಿರುಗಿಸು ಅನ್ನುವ ಹೊತ್ತು. ಉತ್ತರವನ್ನು ಬಾಯಲ್ಲಿಟ್ಟುಕೊಂಡು ಕೂತೇ ಇದ್ದೆ.