ಎರಡು ಟ್ಯೂಬು, ನಾಲ್ಕು ಹೆಸರು

ಜಗಳೂರಿನಲ್ಲಿ ಲ್ಯಾಬ್ ಸಿಬ್ಬಂದಿಗೆ ತರಬೇತಿ ಕೊಡುವಾಗ ಒಂದು ಕಥೆ ಹೇಳುತ್ತೇನೆ. "ಒಬ್ಬ ವಿಜ್ಞಾನಿ ಇದ್ದ. ಟ್ಯೂಬಿನ ಮೇಲೊಂದು ಹೆಸರು, ಫಾರಂನಲ್ಲೊಂದು ಹೆಸರು. ಆದರೂ ವಾಪಸ್ ಕಳಿಸಲಿಲ್ಲ." ಎಲ್ಲರೂ ಆ ದಡ್ಡನನ್ನು ನೆನೆದು ನಗುತ್ತಾರೆ. ನಾನೂ ನಗುತ್ತೇನೆ. ಆ ದಡ್ಡ ನಾನೇ ಎಂದು ಇವತ್ತಿಗೂ ಹೇಳಿಲ್ಲ.

ಹೊನ್ನಾಳಿ ಕಡೆಯ ಒಂದು ಮನೆಗೆ ಅಕ್ಕ ತಂಗಿ ಇಬ್ಬರೂ ಸೊಸೆಯರಾಗಿ ಬಂದಿದ್ದರು. ಅಕ್ಕ ಬಸುರಿ. ಅವಳ ಗಂಡನಲ್ಲಿ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಜೀನ್ ಇರುವುದು ಆಗಲೇ ಗೊತ್ತಾಗಿತ್ತು. ಅವನಿಗೇನೂ ತೊಂದರೆ ಇಲ್ಲ. ಆದರೆ ಹೆಂಡತಿಯಲ್ಲೂ ಅದೇ ಇದ್ದರೆ ಮಗುವಿಗೆ ಕಾಯಿಲೆಯೇ ಬರಬಹುದು, ಜನ್ಮಪೂರ್ತಿ ರಕ್ತ ಹಾಕಿಸಬೇಕಾದೀತು. ಮೊದಲೇ ತಿಳಿದರೆ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಬಹುದು. ಅದಕ್ಕೇ ಅಕ್ಕ ತಂಗಿ ಇಬ್ಬರೂ ನ್ಯಾಮತಿಯ ಶಿಬಿರದಲ್ಲಿ ರಕ್ತ ಕೊಟ್ಟರು.

ಆ ಮನೆಯಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿ ಸೊಸೆಗೆ ಹೊಸ ಹೆಸರಿಡುತ್ತಾರೆ. ಫಾರಂ ತುಂಬಿಸಿದ ಅತ್ತೆ ಆ ಹೆಸರುಗಳನ್ನು ಹೇಳಿದ್ದರು. ಸೂಜಿ ಹಿಡಿದ ನರ್ಸ್ ಕೇಳಿದಾಗ ಹುಡುಗಿಯರು ತವರಿನ ಹೆಸರು ಹೇಳಿದ್ದರು, ಟ್ಯೂಬಿನ ಮೇಲೆ ಬಿದ್ದದ್ದು ಅವೇ. ಹೀಗೆ ಎರಡು ಟ್ಯೂಬು, ನಾಲ್ಕು ಹೆಸರು ನನ್ನ ಮೇಜಿಗೆ ಬಂದವು. ಹೆಸರು ಬಿಟ್ಟರೆ ಟ್ಯೂಬಿನ ಮೇಲೆ ರಕ್ತ ತೆಗೆದ ಸರದಿಯ ನಂಬರ್ ಮಾತ್ರ ಇತ್ತು. ಹಿಂದಕ್ಕೆ ಕಳಿಸುವುದು ನಿಯಮ. ಆದರೆ ನಾನು ಚನ್ನಗಿರಿಯವನು, ನಮ್ಮ ಮಂದಿಯ ರೀತಿ ನನಗೆ ಗೊತ್ತಿಲ್ಲವೇ? ಅಕ್ಕ ಇರುವಾಗ ತಂಗಿ ಮೊದಲು ಕೂರುತ್ತಾಳೆಯೇ? ಒಂದನೇ ಟ್ಯೂಬು ಅಕ್ಕನದು ಎಂದು ಬರೆದು ಸಹಿ ಹಾಕಿದೆ. ಅಕ್ಕನಲ್ಲಿ ಏನೂ ಇಲ್ಲ, ತಂಗಿಯಲ್ಲಿ ಜೀನ್ ಇದೆ ಎಂದು ವರದಿ ಹೋಯಿತು.

ಹುಟ್ಟಿದ ಏಳನೇ ತಿಂಗಳಿಗೆ ಮಗು ಬಿಳಿಚಿಕೊಂಡಿತು. ಅದರ ರಕ್ತವೂ ನನ್ನ ಮೇಜಿಗೇ ಬಂತು. ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಹಳೆಯ ವರದಿ ತೆಗೆದು ನೋಡಿದೆ, ಕೆಳಗೆ ನನ್ನದೇ ಸಹಿ ಇತ್ತು.

ಸತ್ಯ ಹೇಳಲೆಂದೇ ಆ ಮನೆಗೆ ಹೋದೆ. ಮಗು ತಾಯಿಯ ಹೆಗಲ ಮೇಲೆ ಮಲಗಿತ್ತು, ಪುಟ್ಟ ಕೈಗೆ ಪಟ್ಟಿ ಸುತ್ತಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ, "ಮೆಷೀನು ತಪ್ಪು ತೋರಿಸಿತಮ್ಮಾ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೆಷೀನು ಎರಡೂ ಟ್ಯೂಬನ್ನು ಸರಿಯಾಗಿಯೇ ಓದಿತ್ತು. ಆ ಸುಳ್ಳಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ, ತಪ್ಪಿಗಿಂತ ಹೆಚ್ಚಾಗಿ.

ಅವಳು ಮಗುವಿನ ಕೈಯ ಪಟ್ಟಿ ಸರಿಮಾಡಿದಳು.

"ತಂಗಿಗೆ ಐತೆ ಅಂದಿದ್ರಲ್ಲ ಸರ್, ಅದು ನಂದಾ?"

ತಲೆ ತಗ್ಗಿಸಿದೆ. "ಹೌದಮ್ಮಾ. ತಪ್ಪು ನನ್ನದೇ. ಮೊದಲು ಕೂತವಳು ನೀನೇ ಅಂದುಕೊಂಡೆ."

"ಅವ್ಳು ಸೂಜಿಗೆ ಹೆದರ್ತಾಳ್ರಿ. ಅದಕ್ಕೇ ಅವಳನ್ನೇ ಮೊದ್ಲು ಕೂರಿಸಿ ನಾನು ಕೈ ಹಿಡ್ಕೊಂಡಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಫಾರಂನಾಗೆ ನನ್ನ ಫೋನ್ ನಂಬರ್ ಇತ್ತಲ್ರಿ ಸರ್. ಒಂದು ಮಾತು ಕೇಳಾಕೆ ಏನಾಗಿತ್ತು?"